ಮದುವೆಗೆ ಹತ್ತು ದಿನ ಇರುವಾಗ ಮುಖಕ್ಕೆ ಪೀಲ್ ಬೇಡ

ನಮ್ಮ ಮನೆಗಳಲ್ಲಿ ನಿಖಾಹ್‌ನ ದಿನ ಗೊತ್ತಾದ ಕೂಡಲೇ ಮಾತು ಹುಡುಗಿಯ ಮುಖದ ಮೇಲೆ ಬರುತ್ತದೆ. "ಮೊಡವೆ ಕಲೆ ಹಾಗೇ ಉಂಟಲ್ಲ, ಪಾರ್ಲರಿಗೆ ಹೋಗಿ ಪೀಲ್ ಮಾಡಿಸಿದರೆ ಬೆಳ್ಳಗಾಗ್ತಾಳಂತೆ" ಎಂದು ಯಾರಾದರೂ ಹೇಳುತ್ತಾರೆ. ಉಮ್ಮನಿಗೆ ಆಸೆ, ಮಗಳಿಗೆ ಅಳುಕು.

ಪೀಲ್ ಎಂದರೆ ಆಮ್ಲ ಹಚ್ಚಿ ಚರ್ಮದ ಮೇಲಿನ ಹಳೆಯ ಪದರ ಸುಲಿಯುವಂತೆ ಮಾಡುವುದು. ಕೆ.ಆರ್. ನಗರದ ಗದ್ದೆಗಳಲ್ಲಿ ನಾವು ದಿನಾ ನೋಡುವ ಕಬ್ಬಿನಲ್ಲೇ ಗ್ಲೈಕೋಲಿಕ್ ಆಮ್ಲ ಇದೆ, ಹುಳಿ ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ. ಹಾಗಂತ ಇದು ಮನೆಮದ್ದಲ್ಲ. ಕ್ಲಿನಿಕ್‌ನಲ್ಲಿ ಬಳಸುವ ಗ್ಲೈಕೋಲಿಕ್ ಶೇ. 20ರಿಂದ 70ರವರೆಗೂ ಇರುತ್ತದೆ. ಪ್ರಮಾಣ, ಸಮಯ ತಪ್ಪಿದರೆ ಮುಖ ಸುಟ್ಟೀತು.

ಮೊಡವೆ ಕಲೆ, ಬಂಗು ತಿಳಿಯಾಗಲು ಪೀಲ್ ಸಹಾಯ ಮಾಡುತ್ತದೆ, ನಿಜ. ಆದರೆ ಹುಟ್ಟಿನಿಂದ ಬಂದ ಬಣ್ಣ ಬದಲಾಗುವುದಿಲ್ಲ. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆಯಂತೆ ಹಲವು ಸಲ ಬೇಕು. ಹಗುರ ಪೀಲ್ ಆದರೂ ಕೆಲವು ದಿನ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ. ನಮ್ಮಂಥ ಕಂದು ಚರ್ಮಕ್ಕೆ ಆಳದ ಪೀಲ್ ಮಾಡಿದರೆ, ಬಿಸಿಲಿಗೆ ಹೋದರೆ, ಇದ್ದ ಕಲೆಗಿಂತ ಕಪ್ಪು ಕಲೆ ಉಳಿಯಬಹುದು. ಮದುವೆಗೆ ಹತ್ತು ದಿನ ಇರುವಾಗ ಬೇಡ ಎನ್ನುವುದು ಇದಕ್ಕೇ.

ಮಾಡಿಸಲೇಬೇಕೆಂದಿದ್ದರೆ ತಿಂಗಳುಗಳ ಮೊದಲೇ ಚರ್ಮರೋಗ ತಜ್ಞರನ್ನು ಕಾಣಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ನಮ್ಮೂರಿಂದ ರೈಲು, ಬಸ್ಸು ಎರಡೂ ಸಿಗುತ್ತವೆ. ಗರ್ಭಿಣಿಯಾಗಿದ್ದರೆ, ಮೊಡವೆಗೆ ಮಾತ್ರೆ ನುಂಗುತ್ತಿದ್ದರೆ, ಗಾಯ ದಪ್ಪಗೆ ಉಬ್ಬುವ ಮೈಯಾದರೆ ಮುಚ್ಚಿಡದೆ ಹೇಳಿ. ಪೀಲ್ ಆದ ಮೇಲೆ ಸಿಪ್ಪೆ ಕೀಳಬಾರದು, ಸನ್‌ಸ್ಕ್ರೀನ್ ಬಿಡಬಾರದು. ವುಝೂ ಮಾಡುವಾಗ ಮುಖ ಉಜ್ಜದೆ ನೀರು ಹರಿಸಿ, ಮೆತ್ತಗೆ ಒತ್ತಿ ಒರೆಸಿ. ನೀರು ತಾಗಿಸಬೇಡಿ ಎಂದು ಡಾಕ್ಟರ್ ಹೇಳಿದರೆ ಉಸ್ತಾದರಲ್ಲಿ ಕೇಳಿ.

ಹೆಸರು, ವಿಳಾಸ ಇಲ್ಲದ ಬಿಳುಪಿನ ಕ್ರೀಮ್ ಇನ್ನೂ ಅಪಾಯ. ಪಾದರಸ ಇದ್ದ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದನ್ನು 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ವೈದ್ಯರು ಕಂಡುಹಿಡಿದರು.

ಕಲೆಗೆ ಮದ್ದು ಮಾಡುವುದು ತಪ್ಪಲ್ಲ. ಆದರೆ "ಹುಡುಗಿ ಸ್ವಲ್ಪ ಕಪ್ಪು" ಎಂದು ಹೆಣ್ಣು ನೋಡಲು ಹೋದಲ್ಲಿ ಹೇಳಿ ಬರುವವರೂ ನಾವೇ ಅಲ್ಲವೇ? ಆ ಮಾತು ನಿಲ್ಲಿಸಿದರೆ ಎಷ್ಟೋ ಮಕ್ಕಳ ಮುಖ ತನ್ನಿಂದ ತಾನೇ ಅರಳೀತು.