ಒರ್ಲಾಂಡೊ: ಯಾವ ಪಾರ್ಕ್ ಯಾರಿಗೆ?

ಅಮೆರಿಕದ ಫ್ಲಾರಿಡಾದಲ್ಲಿರೋ ಒರ್ಲಾಂಡೊಗೆ ಹೊರಟಿದ್ದೀರಾ?
ಯಾವ ಪಾರ್ಕ್ ನೋಡೋದು, ಯಾವುದು ಬಿಡೋದು?

ಈ ಊರು ಮದುವೆ ಮನೆ ಬಾಳೆಲೆ ಇದ್ದಂಗೆ.
ಬಡಿಸೋದು ಹತ್ತಾರು ಬಗೆ,
ಹೊಟ್ಟೆ ಮಾತ್ರ ಒಂದೇ!

ಜೊತೆಗೆ ಚಿಕ್ಕ ಮಕ್ಕಳಿದ್ದಾರಾ?
ಡಿಸ್ನಿಯ ಮ್ಯಾಜಿಕ್ ಕಿಂಗ್ಡಮ್.
1971ರಲ್ಲಿ ಶುರುವಾಗಿದ್ದು.
ಅಲ್ಲಿ ನೀವು ನಡೆಯೋ ಬೀದಿ ಇದೆಯಲ್ಲ,
ಅದು ನಿಜವಾಗ್ಲೂ ಮೊದಲ ಮಹಡಿ!
ಕೆಳಗೆ, ಸಿಬ್ಬಂದಿ ಓಡಾಡೋ ಸುರಂಗ.
ಫ್ಲಾರಿಡಾದಲ್ಲಿ ಸ್ವಲ್ಪ ಅಗೆದ್ರೂ ನೀರು.
ಅದಕ್ಕೇ ಸುರಂಗಾನ ನೆಲದ ಮೇಲೇ ಕಟ್ಟಿ,
ಸುತ್ತ ಮಣ್ಣು ತುಂಬಿ,
ಅದರ ಮೇಲೆ ಪಾರ್ಕ್ ಎಬ್ಬಿಸಿದ್ರು.

ಹ್ಯಾರಿ ಪಾಟರ್ ಹುಚ್ಚಾ?
ಸೀದಾ ಯೂನಿವರ್ಸಲ್‌ಗೆ ಹೋಗಿ.
ಅವರ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್,
2025ರ ಮೇ ತಿಂಗಳಲ್ಲಿ ಬಾಗಿಲು ತೆರೀತು.

ನೀರಾಟ ಬೇಕಾ?
ವೋಲ್ಕೇನೊ ಬೇ ವಾಟರ್ ಪಾರ್ಕ್‌ನಲ್ಲಿ,
ನಿಂತಿದ್ದ ಹಾಗೇ ಕಾಲಡಿ ಬಾಗಿಲು ತೆರ್ಕೊಳುತ್ತೆ.
ಜ್ವಾಲಾಮುಖಿ ಬೆಟ್ಟದಿಂದ ಜುಂಯ್ ಅಂತ ಕೆಳಗೆ!
ಬ್ಲಿಝರ್ಡ್ ಬೀಚ್‌ನಲ್ಲಿ,
ಸುಡು ಬಿಸಿಲಲ್ಲೂ ಹಿಮದ ಬೆಟ್ಟದ ವೇಷ.
ಅಲ್ಲಿನ ಒಂದು ಜಾರುಬಂಡೆ 120 ಅಡಿ ಎತ್ತರ.

ಒಂದು ಮಾತು ನೆನಪಿರಲಿ.
ಬೇಸಿಗೇಲಿ ಮಧ್ಯಾಹ್ನ ಗುಡುಗು ಮಳೆ ಜಾಸ್ತಿ.
ಮಿಂಚು ಹತ್ತಿರ ಬಂತು ಅಂದ್ರೆ,
ಎಲ್ಲರನ್ನೂ ನೀರಿಂದ ಆಚೆ ಕಳಿಸ್ತಾರೆ.
ಅದಕ್ಕೇ ವಾಟರ್ ಪಾರ್ಕ್‌ಗೆ ಬೆಳಿಗ್ಗೇನೇ ಹೋಗಿ.
ದಿನಕ್ಕೊಂದೇ ಪಾರ್ಕ್ ಇಟ್ಕೊಳ್ಳಿ.
ಅವತ್ತು ತೆರೆದಿರುತ್ತಾ ನೋಡ್ಕೊಂಡೇ ಟಿಕೆಟ್ ತಗೊಳ್ಳಿ!