ಕಿಸೆಗೆ ತಕ್ಕ ಕ್ಯಾಮೆರಾ: ಮೊದಲ ಡಿಎಸ್‌ಎಲ್‌ಆರ್ ಆಯ್ಕೆ

ಡಿಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ 45 ಡಿಗ್ರಿ ಓರೆಯಾಗಿ ನಿಂತ ಪುಟ್ಟ ಕನ್ನಡಿಯೊಂದಿದೆ. ಲೆನ್ಸಿನ ಮೂಲಕ ಬಂದ ಬೆಳಕು ಈ ಕನ್ನಡಿಗೆ ಬಡಿದು ಮೇಲಕ್ಕೆ ಹೋಗುತ್ತದೆ, ಅಲ್ಲಿ ಗಾಜಿನ ಪಟ್ಟಕದಲ್ಲೋ ಕನ್ನಡಿಗಳ ಜೋಡಣೆಯಲ್ಲೋ ತಿರುಗಿ ನೋಡುವವರ ಕಣ್ಣು ಸೇರುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ಹಿಂದಿರುವ ಶಟರ್ ತೆರೆಯುತ್ತದೆ, ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಚಿತ್ರ ತೆಗೆಯುವಾಗ ಕೇಳುವ ‘ಟಪ್’ ಸದ್ದು ಈ ಕನ್ನಡಿ ಮತ್ತು ಶಟರಿನದು. ಕಣ್ಣಿಗೆ ಕಾಣುವುದು ಲೆನ್ಸಿನಿಂದ ನೇರವಾಗಿ ಬಂದ ಬೆಳಕೇ ಆದ್ದರಿಂದ ಸುಡುಬಿಸಿಲಿನಲ್ಲೂ ದೃಶ್ಯ ಸ್ಪಷ್ಟ. ಪರದೆ ಬೆಳಗಿಸುವ ಕೆಲಸವಿಲ್ಲದ್ದರಿಂದ ಬ್ಯಾಟರಿಯೂ ಬಹಳ ಹೊತ್ತು ಬಾಳುತ್ತದೆ: ನಿಕಾನ್ ಡಿ3500 ಒಂದು ಚಾರ್ಜಿಗೆ ಸುಮಾರು 1550 ಚಿತ್ರ ತೆಗೆಯುತ್ತದೆಂದು ಕಂಪನಿಯೇ ಹೇಳಿದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಹಳ್ಳಿಯ ಮದುವೆ ಮನೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಕೈಯಲ್ಲಿ ಒಳ್ಳೆಯ ಫೋನ್ ಇರುವಾಗ ಈ ಭಾರದ ಯಂತ್ರ ಯಾಕೆ ಬೇಕು? ಉತ್ತರ ಸೆನ್ಸರಿನ ಅಳತೆಯಲ್ಲಿದೆ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವುದು ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್. ನಿಕಾನಿನಲ್ಲಿ ಅದು 23.5×15.6 ಮಿಲಿಮೀಟರ್, ಕ್ಯಾನನ್ನಿನಲ್ಲಿ 22.3×14.9 ಮಿಲಿಮೀಟರ್. ಅಂದರೆ 330ರಿಂದ 370 ಚದರ ಮಿಲಿಮೀಟರ್ ಜಾಗ. ಮಧ್ಯಮ ಬೆಲೆಯ ಹಲವು ಫೋನುಗಳಲ್ಲಿ ಈ ಜಾಗ 30ರಿಂದ 50 ಚದರ ಮಿಲಿಮೀಟರ್ ಅಷ್ಟೆ. ಮಳೆ ಬರುವಾಗ ಅಂಗಳದಲ್ಲಿ ಬಟ್ಟಲಿಟ್ಟರೆ ತುಂಬುವ ನೀರಿಗೂ ಪರಾತ ಇಟ್ಟರೆ ತುಂಬುವ ನೀರಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಫೋನ್ ಹಲವು ಚಿತ್ರಗಳನ್ನು ಬೆರೆಸಿ, ಲೆಕ್ಕ ಹಾಕಿ ಈ ಕೊರತೆಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ಅಲುಗಾಡುವ ವಸ್ತು, ದೂರದ ವಸ್ತು, ಮಬ್ಬು ಬೆಳಕು ಈ ಮೂರೂ ಕೂಡಿದಲ್ಲಿ ಆ ಲೆಕ್ಕ ಸೋಲುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆಗಳು ಎರಡು: ಚಿತ್ರ ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ? ಇವುಗಳಿಗೆ ಉತ್ತರ ಕೊಡುವುದು ಲೆನ್ಸು. ಬಾಡಿ ಆ ಲೆನ್ಸನ್ನು ಹೊರುವ ಯಂತ್ರ. ಕೈಯಲ್ಲಿರುವ ಹಣವನ್ನೆಲ್ಲ ಬಾಡಿಗೆ ಸುರಿದು, ಜೊತೆಗೆ ಬಂದ ಕಿಟ್ ಲೆನ್ಸಿನಲ್ಲೇ ವರ್ಷಗಟ್ಟಲೆ ಒದ್ದಾಡುವುದು ಹೊಸಬರು ಮಾಡುವ ಅತಿ ದುಬಾರಿ ತಪ್ಪು. ಬಾಡಿಗೆ ಅರ್ಧ, ಲೆನ್ಸಿಗೆ ಅರ್ಧ ಎಂಬ ಹಂಚಿಕೆ ಹೆಚ್ಚು ಸರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕ್ಯಾಮೆರಾ ಕೊಳ್ಳುವ ಹುಡುಗರಲ್ಲಿ ಬಹಳ ಮಂದಿಯ ಕಣ್ಣು ಮದುವೆ, ಅರಿಶಿಣ, ತೊಟ್ಟಿಲ ಕಾರ್ಯಗಳ ಮೇಲಿರುತ್ತದೆ. ಈ ಕೆಲಸದ ಬೆಳಕು ಕಷ್ಟದ ಬೆಳಕು. ಕಿಟ್ ಲೆನ್ಸ್ ಎಂದರೆ 18–55 ಮಿಲಿಮೀಟರಿನ ಜೂಮ್. ಅದನ್ನು 55ಕ್ಕೆ ತಿರುಗಿಸಿದಾಗ ಅದರ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಜೂಮ್ ಇಲ್ಲದ 50 ಮಿಲಿಮೀಟರ್ ಎಫ್/1.8 ಲೆನ್ಸ್, ಎರಡೂ ಕಂಪನಿಗಳ ಅತಿ ಅಗ್ಗದ ಲೆನ್ಸುಗಳಲ್ಲಿ ಒಂದು. ಅಪರ್ಚರ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಒಳಗೆ ಬರುವ ಬೆಳಕು ಸಂಖ್ಯೆಗಳ ಅನುಪಾತದ ವರ್ಗಕ್ಕೆ ಸಮ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7. ಮಬ್ಬುಗತ್ತಲ ಪಡಸಾಲೆಯಲ್ಲಿ ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200 ಬೇಕಾದಲ್ಲಿ ಈ ಪುಟ್ಟ ಲೆನ್ಸಿಗೆ 400 ಸಾಕು. ಐಎಸ್‌ಒ ಏರಿದಷ್ಟೂ ಚಿತ್ರದಲ್ಲಿ ರವೆಯಂಥ ಕಾಳುಗಳು ಏಳುತ್ತವೆ. ಮದುಮಗಳ ಅರಿಶಿಣದ ಮೈಬಣ್ಣ ಸರಿಯಾಗಿ ಬರುವುದೂ ಬೂದಿಬಣ್ಣಕ್ಕೆ ತಿರುಗುವುದೂ ಎಷ್ಟೋ ಸಲ ಇಷ್ಟರಲ್ಲೇ ನಿರ್ಧಾರವಾಗುತ್ತದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಹೊಸ ಬಾಡಿ ಹತ್ತು ಪಟ್ಟು ಬೆಳಕನ್ನು ಎಂದೂ ಕೊಡದು.

ಒಂದು ತೊಡಕಿದೆ. ಎಪಿಎಸ್-ಸಿ ಸೆನ್ಸರ್ 36×24 ಮಿಲಿಮೀಟರಿನ ಪೂರ್ಣ ಚೌಕಟ್ಟಿಗಿಂತ ಚಿಕ್ಕದಾದ್ದರಿಂದ ದೃಶ್ಯದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ನಿಕಾನಿನಲ್ಲಿ 50 ಮಿಲಿಮೀಟರ್ ಲೆನ್ಸ್ 75ರಂತೆ, ಕ್ಯಾನನ್ನಿನಲ್ಲಿ 80ರಂತೆ ಕಾಣಿಸುತ್ತದೆ. ಮುಖಚಿತ್ರಕ್ಕೆ ಇದು ಹೇಳಿ ಮಾಡಿಸಿದಂತಿದೆ, ಆದರೆ ಸಣ್ಣ ಮನೆಯಲ್ಲಿ ಹತ್ತು ಜನರನ್ನು ಕೂರಿಸಿ ತೆಗೆಯಲು ಬೆನ್ನು ಗೋಡೆಗೆ ತಾಗುತ್ತದೆ. ಅಂಥ ಮನೆಗಳಿಗೆ ನಿಕಾನಿನ 35 ಮಿಲಿಮೀಟರ್ ಎಫ್/1.8 ಡಿಎಕ್ಸ್ ಅಥವಾ ಕ್ಯಾನನ್ನಿನ 24 ಮಿಲಿಮೀಟರ್ ಎಫ್/2.8 ಎಸ್‌ಟಿಎಂ ಒಳ್ಳೆಯ ಆಯ್ಕೆ. ಕಿಟ್ ಲೆನ್ಸನ್ನು ಮಾರಿಬಿಡಬಾರದು. ಇಡೀ ಮಂಟಪ ತೋರಿಸಲು ಅದರ 18 ಮಿಲಿಮೀಟರೇ ಬೇಕು.

ಮಂಟಪದ ಟ್ಯೂಬ್‌ಲೈಟುಗಳದು ಇನ್ನೊಂದು ಸಮಸ್ಯೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ಹಳೆಯ ಬಗೆಯ ಟ್ಯೂಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಗ್ಗದ ಎಲ್‌ಇಡಿ ಸರಗಳಲ್ಲೂ ಇದೇ ಕಾಟ. ಶಟರ್ 1/500 ಸೆಕೆಂಡಿಗೆ ಇಟ್ಟರೆ ಒಂದು ಚಿತ್ರ ಹೊಳಪಾಗಿ, ಮುಂದಿನದು ಕಪ್ಪಾಗಿ, ಮತ್ತೊಂದು ಅಡ್ಡಪಟ್ಟಿಯೊಂದಿಗೆ ಬರುತ್ತದೆ. 1/100 ಅಥವಾ 1/50ರಲ್ಲಿ ಪೂರ್ಣ ಮಿನುಗು ಒಳಗೆ ಸೇರಿ ಈ ತೊಂದರೆ ಹೋಗುತ್ತದೆ. ಇದಕ್ಕೆ ಹಣ ಖರ್ಚಿಲ್ಲ.

ಹೊರಾಂಗಣದ ಮಾತು ಬೇರೆ. ಈ ಸೀಮೆಯಲ್ಲಿ ಎತ್ತಿನ ಗಾಡಿಯ ಶರ್ಯತ್ತು ನಡೆಯುವುದು ಹಗಲಿನಲ್ಲಿ, ಬಯಲಿನಲ್ಲಿ; ಬೆಳಕಿಗೆ ಬರವಿಲ್ಲ, ಬೇಕಾದದ್ದು ವೇಗ ಮತ್ತು ದೂರ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾಯುವ ಗಾಡಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 8 ಸೆಂಟಿಮೀಟರ್ ಸರಿಯುತ್ತದೆ, ಸಾವಿರದ ಒಂದು ಭಾಗದಲ್ಲಿ 8 ಮಿಲಿಮೀಟರ್ ಮಾತ್ರ. ಎತ್ತಿನ ಕಣ್ಣು, ಕೋಡು, ಗೊರಸಿನಡಿಯ ಮಣ್ಣು ಚೂಪಾಗಿ ಬರಬೇಕಾದರೆ ಶಟರ್ 1/1000 ಇರಬೇಕು. ಹಾದಿಯಿಂದ ದೂರ ನಿಂತೇ ತೆಗೆಯಬೇಕಾದ್ದರಿಂದ ಕ್ಯಾನನ್ನಿನ 55–250 ಎಸ್‌ಟಿಎಂ ಅಥವಾ ನಿಕಾನಿನ 70–300 ಎಎಫ್-ಪಿ ಲೆನ್ಸ್ ಸಾಕಾಗುತ್ತದೆ. ಕೃಷ್ಣೆಯ ದಂಡೆಯ ಹಕ್ಕಿಗಳಿಗೂ ಇದೇ ಲೆನ್ಸು. ಒಂದೇ ಸಮನೆ ಒತ್ತಿ ಹಿಡಿದಾಗ ಕ್ಯಾನನ್ 1500ಡಿ ಸೆಕೆಂಡಿಗೆ 3 ಚಿತ್ರ ತೆಗೆದರೆ ಡಿ3500 ತೆಗೆಯುವುದು 5. ಇಂಥ ಕೆಲಸ ಹೆಚ್ಚಿದ್ದವರಿಗೆ ಈ ವ್ಯತ್ಯಾಸ ಮುಖ್ಯ.

ಕಾಗವಾಡ ತಾಲ್ಲೂಕಿನ ಜುಗೂಳದ ಎದುರು, ಕೃಷ್ಣೆಯ ಆಚೆ ದಡದಲ್ಲಿ, ಖಿದ್ರಾಪುರದ ಕೋಪೇಶ್ವರ ದೇವಾಲಯವಿದೆ. ಶಿಲಾಹಾರರ ಕಾಲದ ಈ ಗುಡಿಯಲ್ಲಿ ಹಳೆಯ ಕನ್ನಡ ಶಾಸನಗಳಿವೆ. ಅದರ ಸ್ವರ್ಗಮಂಟಪದ ಚಾವಣಿಯ ನಡುವೆ ದುಂಡನೆಯ ಬಯಲು ಬಿಟ್ಟಿದ್ದಾರೆ. ಆ ವೃತ್ತದಿಂದ ಆಕಾಶ ಕಾಣುತ್ತದೆ, ಸುತ್ತಲಿನ ಕರಿಕಲ್ಲಿನ ಕಂಬಗಳು ನೆರಳಲ್ಲಿ ನಿಂತಿವೆ. ಸೆನ್ಸರನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಸುತ್ತಮುತ್ತ ಸಿಗದು. ಆಕಾಶಕ್ಕೆ ಬೆಳಕು ಹೊಂದಿಸಿದರೆ ಕಂಬ ಕಪ್ಪು, ಕಂಬಕ್ಕೆ ಹೊಂದಿಸಿದರೆ ಆಕಾಶ ಬೆಳ್ಳಗೆ. ಆಕಾಶ ಕೆಡದಂತೆ ತೆಗೆದು, ಜೆಪೆಗ್ ಬದಲು ರಾ ಫೈಲಿನಲ್ಲಿ ಉಳಿಸಿ, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಎತ್ತುವುದು ದಾರಿ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. 12 ಬಿಟ್ಟಿನ ರಾ ಫೈಲಿನಲ್ಲಿ ಅವು 4096. ಹೀಗೆ ಎತ್ತಿದಾಗ ನಿಕಾನ್ ಡಿ3500, ಡಿ5600ಗಳ ನೆರಳು ಶುಚಿಯಾಗಿ ಬರುತ್ತದೆ, ಅದೇ ಕಾಲದ ಕ್ಯಾನನ್ 1500ಡಿಯಲ್ಲಿ ಕಾಳು ಬೇಗ ಕಾಣಿಸುತ್ತದೆ. ಗುಡಿ, ಶಾಸನ, ಭೂದೃಶ್ಯಗಳ ಒಲವುಳ್ಳವರು ಇದನ್ನು ನೆನಪಿನಲ್ಲಿಡಬೇಕು.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. 12×18 ಇಂಚಿನ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು ಬೇಕಾದದ್ದು 19.4 ಮೆಗಾಪಿಕ್ಸೆಲ್, ದೂರದಿಂದ ನೋಡುವ ಬ್ಯಾನರಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಕಳೆದ ಹತ್ತು ವರ್ಷಗಳ ಬಹುತೇಕ ಬಾಡಿಗಳಲ್ಲಿ 24 ಇದೆ.

ಬಾಡಿ ಆರಿಸುವಾಗ ಪೆಟ್ಟಿಗೆಯ ಮೇಲೆ ಬರೆದಿರದ ಕೆಲವು ಸಂಗತಿಗಳೇ ಹೆಚ್ಚು ತೊಂದರೆ ಕೊಡುವಂಥವು. ಕ್ಯಾನನ್ನಿನ ಇಎಫ್ ಲೆನ್ಸುಗಳಲ್ಲಿ 1987ರಿಂದಲೂ ಫೋಕಸ್ ಮೋಟರು ಲೆನ್ಸಿನೊಳಗೇ ಇದೆ. ಯಾವ ಕಾಲದ ಇಎಫ್ ಲೆನ್ಸ್ ಹಾಕಿದರೂ ತಾನೇ ಫೋಕಸ್ ಆಗುತ್ತದೆ. ನಿಕಾನಿನಲ್ಲಿ ಹಾಗಲ್ಲ: ಹಳೆಯ ಲೆನ್ಸುಗಳನ್ನು ಫೋಕಸ್ ಮಾಡುವ ಮೋಟರು ಬಾಡಿಯಲ್ಲೇ ಇರಬೇಕು. 2006ರ ಡಿ40ಯಿಂದ ಹಿಡಿದು ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಮೋಟರು ಇಲ್ಲ. ಅಗ್ಗವಾಗಿ ಸಿಕ್ಕಿತೆಂದು ಹಳೆಯ 50 ಮಿಲಿಮೀಟರ್ ಎಫ್/1.8ಡಿ ಲೆನ್ಸನ್ನು ಡಿ3500ಗೆ ಹಾಕಿದರೆ ಕೈಯಿಂದ ಫೋಕಸ್ ತಿರುಗಿಸುತ್ತ ಕೂರಬೇಕಾಗುತ್ತದೆ. ಅಂಥ ಬಾಡಿಗೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದ ಲೆನ್ಸೇ ಬೇಕು. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಉಂಟು: ಮೋಟರು ಇರುವ ಹಳೆಯ ಡಿ90 ಮೇಲೆ ಎಎಫ್-ಪಿ ಲೆನ್ಸ್ ಫೋಕಸ್ ಆಗುವುದೇ ಇಲ್ಲ.

ಫ್ಲ್ಯಾಶ್ ಹಾಕುವ ಜಾಗವನ್ನೂ ನೋಡಬೇಕು. ಕ್ಯಾನನ್ 200ಡಿ ಮಾರ್ಕ್ 2 ಮೊದಲಾದ ಬಾಡಿಗಳಲ್ಲಿ ಅಲ್ಲಿನ ನಡುವಿನ ಲೋಹದ ಬಿಂದುವನ್ನೇ ತೆಗೆದುಹಾಕಲಾಗಿದೆ. ಅದಿಲ್ಲದಿದ್ದರೆ ಬೇರೆ ಕಂಪನಿಗಳ ಸಾದಾ ಫ್ಲ್ಯಾಶುಗಳು, ಸ್ಟುಡಿಯೋದ ಹಳೆಯ ಟ್ರಿಗರುಗಳು ಬೆಳಗುವುದಿಲ್ಲ. ಮದುವೆ ಕೆಲಸಕ್ಕೆ ಇದು ದೊಡ್ಡ ಏಟು. ವಿಡಿಯೋ ತೆಗೆಯುವ ಆಸೆ ಇದ್ದವರು ಮೈಕ್ ಜೋಡಿಸುವ ತೂತು ಇದೆಯೇ ನೋಡಬೇಕು: 1500ಡಿ, ಡಿ3500ಗಳಲ್ಲಿ ಇಲ್ಲ, 200ಡಿ ಮಾರ್ಕ್ 2, ಡಿ5600ಗಳಲ್ಲಿ ಇದೆ.

2003ರಲ್ಲಿ ಕ್ಯಾನನ್ 300ಡಿ ಬಂದು, ಡಿಎಸ್‌ಎಲ್‌ಆರ್ ಮೊದಲ ಬಾರಿಗೆ 1000 ಡಾಲರಿಗಿಂತ ಕೆಳಗಿಳಿಯಿತು. ಅದರಲ್ಲಿದ್ದದ್ದು 6.3 ಮೆಗಾಪಿಕ್ಸೆಲ್. ಈಗ ಕಂಪನಿಗಳು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿವೆ. ವೃತ್ತಿಯ ಫೋಟೋಗ್ರಾಫರರು ಹಳೆಯ ಸಾಮಾನು ಮಾರಿ ಅತ್ತ ಹೋಗುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್ ಮಾಲು ಧಾರಾಳವಾಗಿದೆ. ಕಿಸೆ ಚಿಕ್ಕದಿರುವವರಿಗೆ ಇದು ಸುಗ್ಗಿಯ ಕಾಲವೆಂದೇ ಹೇಳಬೇಕು. ಇಎಫ್ ಮತ್ತು ಎಎಫ್-ಎಸ್ ಲೆನ್ಸುಗಳನ್ನು ಆಯಾ ಕಂಪನಿಯ ಅಡಾಪ್ಟರ್ ಮೂಲಕ ಮುಂದೆ ಮಿರರ್‌ಲೆಸ್ ಬಾಡಿಗೂ ಹಾಕಬಹುದು, ಲೆನ್ಸಿಗೆ ಕೊಟ್ಟ ಹಣ ಉಳಿಯುತ್ತದೆ.

ಹಳೆಯದನ್ನು ಕೊಳ್ಳುವಾಗ ಕೈಯಾರೆ ಪರೀಕ್ಷಿಸದೆ ಹಣ ಎಣಿಸಬಾರದು. ಶಟರ್ ಯಾಂತ್ರಿಕ ಭಾಗ, ಸವೆಯುತ್ತದೆ. ಕೆಳದರ್ಜೆಯ ಬಾಡಿಗಳಲ್ಲಿ ಅದರ ಆಯುಸ್ಸು ಸುಮಾರು 1 ಲಕ್ಷ ಕ್ಲಿಕ್ ಎಂದು ಲೆಕ್ಕ. ನಿಕಾನ್ ತೆಗೆದ ಪ್ರತಿ ಚಿತ್ರದ ಫೈಲಿನಲ್ಲೂ ಈವರೆಗಿನ ಎಣಿಕೆ ಅಡಗಿರುತ್ತದೆ, ಅದನ್ನು ಓದುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕ್ಯಾನನ್ನಿನಲ್ಲಿ ಇದು ಅಷ್ಟು ಸುಲಭವಲ್ಲ, ಹಿಡಿಕೆಯ ರಬ್ಬರು ಮತ್ತು ಗುಂಡಿಗಳ ಸವೆತ ನೋಡಿ ಊಹಿಸಬೇಕು. ಅಪರ್ಚರನ್ನು ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ದೂಳು ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಒಳಗಿನ ಬೂಷ್ಟು ಜೇಡರಬಲೆಯ ಎಳೆಗಳಂತೆ ತೋರುತ್ತದೆ. ಒಂದೆರಡು ದೂಳಿನ ಕಣಗಳಿಗೆ ಹೆದರಬೇಕಿಲ್ಲ; ಬೂಷ್ಟು ಕಂಡ ಲೆನ್ಸನ್ನು ಎಷ್ಟೇ ಅಗ್ಗವಾದರೂ ಬಿಟ್ಟು ಬರಬೇಕು.

ನಿಪ್ಪಾಣಿಯವರು ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ, ರಾಯಬಾಗ, ಕುಡಚಿ, ಶೇಡಬಾಳದವರು ರೈಲು ಹತ್ತಿ ಮಿರಜಕ್ಕೆ ಹೋಗಿ ಕೊಳ್ಳಬಹುದು, ಬೆಳಗಾವಿಯೂ ಇದೆ. ಎಲ್ಲಿ ಕೊಂಡರೂ ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಪಡೆಯಬೇಕು. ಡಿಜಿಟಲ್ ಕ್ಯಾಮೆರಾಗಳ ಮೇಲಿನ ತೆರಿಗೆ 2019ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುವ ಹೊರದೇಶದ ಮಾಲಿಗೆ ಇಲ್ಲಿನ ವಾರಂಟಿ ಸಿಗುವುದಿಲ್ಲ.

ಉಳಿದದ್ದು ಜೋಪಾನ. ಕಬ್ಬು ಕಟಾವಾದ ಮೇಲೆ ರವದಿ ಸುಡುವ ದಿನಗಳಲ್ಲಿ ಕರಿಬೂದಿ ಗಾಳಿಯಲ್ಲಿ ತೇಲುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರದ ಹಳದಿ ಪುಡಿ ಆಕಾಶಕ್ಕೇರುತ್ತದೆ. ಜೂಮ್ ಲೆನ್ಸ್ ಉದ್ದವಾಗುವಾಗ ಗಾಳಿಯನ್ನು, ಜೊತೆಗೆ ಆ ಪುಡಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಇಂಥಲ್ಲಿ ಲೆನ್ಸ್ ಬದಲಿಸದೆ, ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೆಲಸ ಮುಗಿಸುವುದು ಲೇಸು. ಮನೆಗೆ ಬಂದ ಮೇಲೆ ಮೊದಲು ಬ್ಲೋಅರ್, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಪುಡಿ ಇರುವಾಗಲೇ ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆ ತುಂಬಿ ಹರಿಯುವ ಆಷಾಢ, ಶ್ರಾವಣಗಳಲ್ಲಿ ಗೋಡೆಯೇ ಬೆವರುತ್ತದೆ, ಆಗ ಚರ್ಮದ ಚೀಲದಲ್ಲಿ ಕಟ್ಟಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯುವುದು ಖಚಿತ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಳು, ತೇವ ತೋರಿಸುವ ಪುಟ್ಟ ಮಾಪಕ ಇಷ್ಟಿದ್ದರೆ ಸಾಕು. ಮಾಪಕ ಶೇ. 40ರಿಂದ 50ರ ನಡುವೆ ಇರಬೇಕು. ಅಕ್ಕಿಯಲ್ಲಿ ಹುಗಿದಿಡುವ ರೂಢಿ ಬೇಡ, ಅದರ ಹಿಟ್ಟು ಸಂದಿಗಳನ್ನು ಸೇರುತ್ತದೆ. ಸಿಲಿಕಾ ಕಾಳು ತೇವ ಹೀರಿ ಬಣ್ಣ ಬದಲಿಸಿದಾಗ ಸಣ್ಣ ಉರಿಯ ಮೇಲೆ ಬಾಣಲೆಯಲ್ಲಿ ಬಿಸಿ ಮಾಡಿ, ಮೊದಲಿನ ಬಣ್ಣ ಬಂದ ಮೇಲೆ ಆರಿಸಿ ಮತ್ತೆ ಡಬ್ಬಿಗೆ ಹಾಕಬೇಕು. ಆ ಬಾಣಲೆಯನ್ನು ಅಡಿಗೆಗೆ ಬಳಸಬಾರದು.