ರಟ್ಟಿನ ಸೈನಿಕರ ಮೂಲೆ ಕತ್ತರಿಸುವ ಮುನ್ನ

ಹಾಸನದಿಂದ ಪುಣೆಗೆ ಬಂದಿದ್ದ ಅಮ್ಮ ಒಂದು ರಾತ್ರಿ ನೀರು ಕುಡಿಯಲು ಎದ್ದವರು ಹಾಲ್‌ನಲ್ಲಿ ದೀಪ ಕಂಡು ಹೊರಗೆ ಬಂದರು. ನಾನು ನೇಲ್ ಕಟರ್ ಹಿಡಿದು ಕೂತಿದ್ದೆ. "ದೀಪ ಹಚ್ಚಿದ ಮೇಲೆ ಉಗುರು ತೆಗೀಬಾರ್ದು ಅಂತ ಎಷ್ಟು ಸಲ ಹೇಳಿದೀನೋ!" ಎಂದು ಗದರಿದರು. ಹತ್ತಿರ ಬಂದು ನೋಡಿದರೆ ನಾನು ಕತ್ತರಿಸುತ್ತಿದ್ದದ್ದು ಉಗುರನ್ನಲ್ಲ, ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರನ್ನು!

ವಾರ್‌ಗೇಮ್ ಎಂದರೆ ನಕ್ಷೆಯ ಮೇಲೆ ಆಡುವ ಯುದ್ಧದಾಟ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ 'ಟ್ಯಾಕ್ಟಿಕ್ಸ್' ಎಂಬ ಆಟವನ್ನು ಮಾರುಕಟ್ಟೆಗೆ ತಂದಾಗಿನಿಂದ ಇದರ ಸೈನಿಕರೆಲ್ಲ ಬಹುಮಟ್ಟಿಗೆ ಚೌಕಾಕಾರದ ರಟ್ಟಿನ ತುಂಡುಗಳೇ. ಆಡುವವರು ಕೌಂಟರ್ ಎನ್ನುತ್ತಾರೆ. ಚೌಕಾಬಾರ ಆಡಿ ಬೆಳೆದ ನಮಗೆ ಕಾಯಿ ಎಂದರೆ ಸಾಕು. ವ್ಯತ್ಯಾಸವೇನೆಂದರೆ, ಇಲ್ಲಿ ಕಾಯಿಯ ಮೇಲೆ ಅಂಕಿಗಳಿರುತ್ತವೆ. 1985ರ 'ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್' ಆಟದಲ್ಲಿ ಜರ್ಮನ್ ತುಕಡಿಯೊಂದರ ಮೇಲೆ 4-6-7 ಎಂದಿದ್ದರೆ, ಗುಂಡಿನ ಬಲ 4, ಗುಂಡು ಹೋಗುವ ದೂರ 6, ಧೈರ್ಯ 7 ಎಂದರ್ಥ.

ಇವುಗಳ ಮೂಲೆಯನ್ನು ಯಾಕೆ ಕತ್ತರಿಸಬೇಕು? ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ರಟ್ಟಿನ ಹಾಳೆಯನ್ನು ಕತ್ತರಿಸುವಾಗ ಕಾಯಿಗಳು ಉದುರಿ ಹೋಗದಿರಲಿ ಎಂದು ಮೂಲೆಗಳಲ್ಲಿ ಚೂರು ಅಂಟು ಉಳಿಸಿರುತ್ತಾರೆ. ನಾವು ಕಿತ್ತಾಗ ಅಲ್ಲಿ ನಾರಿನಂಥ ಚುಂಗು ನಿಲ್ಲುತ್ತದೆ. ಒಂದೇ ಮನೆಯಲ್ಲಿ ಮೂರು ನಾಲ್ಕು ಕಾಯಿ ಒಂದರ ಮೇಲೊಂದು ಕೂರಬೇಕು. ಒಂದನ್ನು ಎತ್ತಲು ಹೋದರೆ ಪಕ್ಕದ ಅಟ್ಟಿಯ ಚುಂಗು ಸಿಕ್ಕಿಕೊಂಡು ಎಲ್ಲವೂ ಬೀಳುತ್ತವೆ. ಯಾರ ಸೈನ್ಯ ಎಲ್ಲಿತ್ತು ಎಂಬ ಜಗಳ ಅಲ್ಲಿಂದ ಶುರು.

ಮೊದಲ ಉಪಾಯ, ಕೀಳದೇ ಇರುವುದು. ಉಕ್ಕಿನ ಸ್ಕೇಲ್ ಇಟ್ಟು ಹರಿತವಾದ ಬ್ಲೇಡಿನಿಂದ ಮೂಲೆಯ ಅಂಟನ್ನು ಕೊಯ್ದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು, ಅಮ್ಮ ನೋಡಿದ ನೇಲ್ ಕಟರ್. ಕಾಲಿನ ಉಗುರಿಗೆ ಬಳಸುವ ನೇರ ಬಾಯಿಯದನ್ನು ಆರಿಸಿ. ಬಾಗಿದ ಬಾಯಿಯದು ಮೂಲೆಯನ್ನು ಕಚ್ಚಿದಂತೆ ಮಾಡುತ್ತದೆ. ಖರ್ಚು ಕಡಿಮೆ, ಆದರೆ ಎಲ್ಲ ಮೂಲೆಯೂ ಒಂದೇ ಅಳತೆಗೆ ಬರುವುದಿಲ್ಲ. 280 ಕಾಯಿಯ ಒಂದು ಹಾಳೆಗೆ 1,120 ಮೂಲೆ! ಇನ್ನೂರು ಮುಗಿಯುವಷ್ಟರಲ್ಲಿ ಹೆಬ್ಬೆರಳು ಮಾತಾಡುತ್ತದೆ.

ಆ ನೋವಿಗೇ ನಾನು ಎಡವಿದ್ದು. ಐಡಿ ಕಾರ್ಡ್ ಲ್ಯಾಮಿನೇಟ್ ಮಾಡುವವರು ಬಳಸುವ ಕಾರ್ನರ್ ಕಟರ್ ಒಂದನ್ನು ಕೊಂಡು ತಂದೆ. ಅದರ ತ್ರಿಜ್ಯ 5 ಮಿಮೀ. ಕಾಯಿಯ ಅಗಲ ಅರ್ಧ ಇಂಚು, ಅಂದರೆ 12.7 ಮಿಮೀ. ಎರಡೂ ಮೂಲೆಯಿಂದ ಐದೈದು ಹೋದರೆ ಉಳಿಯುವ ನೇರ ಅಂಚು 2.7 ಮಿಮೀ ಮಾತ್ರ. ದಿನವಿಡೀ ಕೋಡ್ ಬರೆಯುವವನು ಈ ಲೆಕ್ಕವನ್ನು ಕತ್ತರಿಸುವ ಮೊದಲು ಮಾಡಲಿಲ್ಲ. ನಾಲ್ಕು ಕಾಯಿ ಮುಗಿದ ಮೇಲೆ ನೋಡುತ್ತೇನೆ, ಕೆಳಗಿನ ಸಾಲಿನ 4 ಮತ್ತು 7 ಅರ್ಧ ಮಾಯ! ಇಲ್ಲಿ ಅನ್‌ಡೂ ಇಲ್ಲ. ಸಾಲದ್ದಕ್ಕೆ ಆ ಸೆಟ್ ನನ್ನದಲ್ಲ, ಧಾರವಾಡದ ಗೆಳೆಯನದು. ಈಗ ಅಚ್ಚಿನಲ್ಲೂ ಇಲ್ಲದ್ದು.

ಎರಡು ದಿನ ಅವನ ಫೋನ್ ಎತ್ತಲಿಲ್ಲ. ಮೂರನೇ ದಿನ ಡಬ್ಬಿ ಸಮೇತ ಅವನ ಮನೆಗೇ ಹೋದೆ. ಬೆಳಕಿಗೆ ಹಿಡಿದು ನೋಡಿ, "ಒಂದ ಹಾಳ ರಟ್ಟಿನ ಮ್ಯಾಲೆ ಮೊದ್ಲ ಕತ್ತರಿಸಿ ನೋಡಬಾರದೇನಲೇ?" ಎಂದಷ್ಟೇ ಅಂದ. ಬೈದಿದ್ದರೆ ಸುಲಭವಾಗುತ್ತಿತ್ತು.

ಸರಿಯಾದ ಸಾಧನ ಇಲ್ಲವೆಂದಲ್ಲ. ಈ ಹವ್ಯಾಸದವರಲ್ಲಿ ಹೆಸರಾಗಿರುವುದು ಅಮೆರಿಕದ ಒರೆಗಾನ್ ಲ್ಯಾಮಿನೇಷನ್ಸ್ ಮಾರುವ ಕಟರ್. ತ್ರಿಜ್ಯ 2 ಅಥವಾ 2.5 ಮಿಮೀ. ಕಾಯಿಯ ಮೂಲೆಯನ್ನು ಅದರ ಗೂಡಿಗೆ ಒತ್ತಿ ಹಿಡಿಕೆ ಅದುಮಿದರೆ ಪ್ರತಿ ಸಲವೂ ಒಂದೇ ಅಳತೆ. 2 ಮಿಮೀ ಆದರೆ 8.7 ಮಿಮೀ ನೇರ ಅಂಚು ಉಳಿಯುತ್ತದೆ, ಅಂಕಿಗಳೂ ಉಳಿಯುತ್ತವೆ. ಇಲ್ಲಿಗೆ ತರಿಸಲು ಸಾಗಣೆ, ಕಸ್ಟಮ್ಸ್ ಎಲ್ಲ ಸೇರುವುದರಿಂದ ನಾವಿಬ್ಬರೂ ಪಾಲು ಹಾಕಿ ಒಂದನ್ನು ತರಿಸಿದೆವು. ಯಾವುದನ್ನೇ ಕೊಳ್ಳಿ, ಮೊದಲು ತ್ರಿಜ್ಯ ಕೇಳಿ. ಕಾಯಿಗಳನ್ನು ತೆಗೆದ ಮೇಲೆ ಉಳಿಯುವ ರಟ್ಟಿನ ಚೌಕಟ್ಟನ್ನು ಎಸೆಯಬೇಡಿ, ಕೈ ಪಳಗುವುದು ಅದರ ಮೇಲೆ. ಬೇರೆಯವರ ಸೆಟ್ ಆದರೆ ಕೇಳದೆ ಮುಟ್ಟಬೇಡಿ. ಚೌಕ ಮೂಲೆಯನ್ನೇ ಇಷ್ಟಪಡುವವರೂ ಇದ್ದಾರೆ.

ಹಾಳಾದ ನಾಲ್ಕಕ್ಕೆ ಬದಲಿಯಾಗಿ ಅಂಥದೇ ಕಾಯಿಗಳನ್ನು ಸ್ಕ್ಯಾನ್ ಮಾಡಿ, ರಟ್ಟಿಗೆ ಅಂಟಿಸಿ ಕೊಟ್ಟೆ. ಬಣ್ಣ ಒಂದು ಚೂರು ಮಾಸಲು. ಗೆಳೆಯ ಅವನ್ನು ಡಬ್ಬಿಯಲ್ಲಿ ಬೇರೆಯಾಗಿಯೇ ಇಟ್ಟಿದ್ದಾನೆ. ಪ್ರತಿ ಭಾನುವಾರ ಆಟ ಹೂಡುವಾಗ ತಪ್ಪದೆ ನನ್ನ ಪಾಲಿಗೇ ಅವು ಬರುತ್ತವೆ.